ಶಹಾಪುರದಲ್ಲೊಂದು ಜರ್ಮನ್ ಟೊಪ್ಪಿಗೆ

ನಮ್ಮ ಸಗರನಾಡಿನಲ್ಲಿ ಹಳೆಯ ಮನೆತನವೆಂದ ಮೇಲೆ ಅಲ್ಲಿ ಒಂದಾದರೂ ಹಳೆಯ ಆಯುಧವಿರಬೇಕೆಂಬದು ಬಹುಮಟ್ಟಿಗೆ ನಿಶ್ಚಿತವಾದ ಮಾತು. ವರ್ಷದ ಮುನ್ನೂರರುವತ್ತು ದಿವಸ ಅದು ಅಟ್ಟದ ಮೇಲೆ ಧೂಳು ತಿನ್ನುತ್ತ ಬಿದ್ದಿರುವದು. ಖಂಡೇಪೂಜೆಯ ದಿವಸ ಕೆಳಗಿಳಿದು, ಮೈ ತೊಳೆದುಕೊಂಡು, ಕುಂಕುಮ ಹಚ್ಚಿಸಿಕೊಂಡು, ಮರುದಿನ ಜನರು ಬನ್ನಿ ಕೊಟ್ಟು ತಕ್ಕೊಳ್ಳುವ ಹೊತ್ತಿಗೆ ಪುನಃ ಅಟ್ಟವನ್ನು ಸೇರುವದು. ಇದು ಯಾವ ಕಾಲದ್ದೆಂದು ಮನೆಯ ಯಜಮಾನರನ್ನು ಕೇಳಿದರೆ ದೊರೆಯುವ ಉತ್ತರಗಳು ಎರಡೇ: ವಾಗಣಗೇರಾ ಕಾಳಗದ್ದು, ಇಲ್ಲವೆ ರಾಜಾ ವೆಂಕಟಪ್ಪ ನಾಯಕರ ಕಾಲದ್ದು. ಔರಂಗಜೇಬನು ತನ್ನ ಮುಪ್ಪಿನಲ್ಲಿ ಸ್ವತಃ ಬಂದು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ್ದು ೧೭೦೫ರಲ್ಲಿ. ಸುರಪುರದ ರಾಜರು ಇಂಗ್ಲಿಷರ ಮೇಲೆ ಎದ್ದದ್ದು ೧೮೫೮ರ ಫೆಬ್ರವರಿಯಲ್ಲಿ. ನಡುವೆ ನೂರೈವತ್ತು ವರ್ಷಗಳು ಕಳೆದಿದ್ದರೂ ಅಟ್ಟದ ಮೇಲೆ ಈ ಎರಡು ಕಾಲಗಳೂ ಮಗ್ಗುಲಲ್ಲಿ ಮಗ್ಗುಲಾಗಿ ಮಲಗಿರುವವು.

ಪಾಠಶಾಲೆಯಲ್ಲಿ ಕಲಿತು, ಸಂಸ್ಕೃತ ಕಲಿಸುವದರಲ್ಲಿಯೇ ಸೇವೆಯನ್ನು ಮುಗಿಸಿದ ನನ್ನಂಥವನಿಗೆ ಆಯುಧಗಳ ಗೊಡವೆ ಏಕೆಂದು ಕೆಲವರು ಕೇಳಿರುವರು. ನಿವೃತ್ತಿಯಾದ ಮೇಲೆ ಕೈಗೆ ಕೆಲಸ ಬೇಕಾಯಿತು, ಕಾಲಿಗೆ ತಿರುಗಾಟ ಬೇಕಾಯಿತು ಎಂಬದೇ ನಿಜವಾದ ಕಾರಣ. ಶಹಾಪುರ, ಸುರಪುರ, ಯಾದಗಿರಿ ಈ ಮೂರು ಕೋಟೆಗಳ ನಡುವಿನ ಊರುಗಳಲ್ಲಿ ಯಾರ ಮನೆಯಲ್ಲಿ ಏನಿದೆಯೆಂದು ನೋಡಿ ಬರೆದಿಡಲು ಉದ್ದವಾದೊಂದು ವಹಿಯನ್ನು ಮಾಡಿಕೊಂಡೆನು. ವಸ್ತುವನ್ನು ನಾನು ಕೊಳ್ಳುವದಿಲ್ಲ, ಬೇಡುವದಿಲ್ಲ, ಕೊಟ್ಟರೂ ತೆಗೆದುಕೊಳ್ಳುವದಿಲ್ಲ. ವಹಿಯ ಎಡಪುಟದಲ್ಲಿ ಮನೆಯವರು ಹೇಳುವ ಕತೆಯನ್ನು ಅವರ ಮಾತಿನಲ್ಲಿಯೇ ಬರೆಯುವೆನು. ಬಲಪುಟದಲ್ಲಿ ವಸ್ತುವಿನ ಉದ್ದ, ತೂಕ, ಗುರುತು, ಗಾಯ ಇಷ್ಟನ್ನು ಬರೆಯುವೆನು. ಎರಡು ಪುಟಗಳೂ ಒಂದೇ ಮಾತನ್ನು ಆಡುವದು ಅಪರೂಪ. ಆಡದಿದ್ದಾಗ ಯಾವ ಪುಟವನ್ನೂ ನಾನು ಹೊಡೆದುಹಾಕುವದಿಲ್ಲ. ಸುರಪುರದಲ್ಲಿ ಇಂಗ್ಲಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಈ ಪ್ರಾಂತದ ಕಲ್ಲುಗೋರಿಗಳನ್ನು ತೆಗೆಸಿ ನೋಡಿದಾಗ ಯಾವ ವಸ್ತು ಎಲ್ಲಿ ಹೇಗೆ ಇತ್ತೆಂಬದನ್ನು ಚಿತ್ರ ಬರೆದು ಇಟ್ಟನು. ಅವನ ರಾಜಕಾರಣವನ್ನು ಕುರಿತು ನಮ್ಮವರಿಗೆ ಆಕ್ಷೇಪಣೆಗಳಿರಬಹುದು, ಇವೆ. ಈ ಒಂದು ರೂಢಿಯನ್ನು ಮಾತ್ರ ಅವನಿಂದ ಕಲಿಯಲು ಅಡ್ಡಿಯಿಲ್ಲ.

ಕತ್ತಿ, ಕಠಾರಿ, ಢಾಲು, ಭಾಲೆಯ ಮೊನೆ ಇವು ಬೇಕಾದಷ್ಟು ಕಂಡವು. ಕಾಣದೆ ಹೋದದ್ದು ತಲೆಯ ರಕ್ಷೆ. ಕಬ್ಬಿಣದ ಟೊಪ್ಪಿಗೆಗೆ ಶಾಂತಿಕಾಲದಲ್ಲಿ ಯಾವ ಉಪಯೋಗವೂ ಇಲ್ಲ; ಕಮ್ಮಾರನ ಕುಲುಮೆಗೆ ಹೋದರೆ ಒಂದು ಕುಳವಾದರೂ ಆದೀತು. ಹೀಗೆ ಹೊಲದ ಪಾಲಾದವುಗಳೇ ಹೆಚ್ಚೆಂದು ತೋರುವದು. ಸುರಪುರದ ಕಡೆಯ ಒಂದು ಮನೆಯಲ್ಲಿ ಮಾತ್ರ ದಖ್ಖನದ ಹಳೆಯ ಶಿರಸ್ತ್ರವೊಂದನ್ನು ನೋಡಿದೆನು. ಬೋಗುಣಿಯನ್ನು ಬೋರಲು ಹಾಕಿದಂತಹ ಕಬ್ಬಿಣದ ಬಟ್ಟಲು. ನೆತ್ತಿಯ ಮೇಲೆ ನಾಲ್ಕು ಬೆರಳಿನ ಮೊನೆ. ಮೂಗಿನ ರಕ್ಷಣೆಗೆ ಮೇಲೆ ಕೆಳಗೆ ಸರಿಯುವ ಪಟ್ಟಿ. ಗರಿ ಸಿಗಿಸುವ ಎರಡು ಕೊಳವೆಗಳು. ಕಿವಿ ಕತ್ತುಗಳ ಮೇಲೆ ಇಳಿಬೀಳುವ ಸರಪಣಿಯ ಜಾಲರಿಯಲ್ಲಿ ಉಳಿದದ್ದು ಒಂದು ಗೇಣು. ಇಂಥವುಗಳನ್ನು ಸಮಗ್ರವಾಗಿ ನೋಡಬಯಸುವವರು ಹೈದರಾಬಾದಿನ ಸಾಲಾರಜಂಗ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.

ನಾನು ತಲೆಯ ರಕ್ಷೆಗಳನ್ನು ಹುಡುಕುತ್ತಿರುವೆನೆಂಬ ಸುದ್ದಿ ಹಬ್ಬಿ, ಶಹಾಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ದಿವಸ ತನ್ನ ಮನೆಗೆ ಕರೆದನು. ದಖ್ಖನೀ ಮುಸಲ್ಮಾನರ ಕುಟುಂಬ. ಅವನು ಹೊಲದ ಪಂಪುಗಳನ್ನು ದುರಸ್ತಿ ಮಾಡುವ ಅಂಗಡಿಯನ್ನು ಇಟ್ಟುಕೊಂಡಿರುವನು. ತಗಡಿನ ಟ್ರಂಕಿನಿಂದ ಅವನು ಹೊರಗೆ ತೆಗೆದದ್ದು ದಖ್ಖನದ ಶಿರಸ್ತ್ರವಾಗಿರಲಿಲ್ಲ. ಕಪ್ಪು ಚರ್ಮದ ಟೊಪ್ಪಿಗೆ, ಮುಂದೊಂದು ಹಿಂದೊಂದು ಅಂಚು, ಹಣೆಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು, ನೆತ್ತಿಯ ಮೇಲೆ ಬೂದುಬಣ್ಣದ ಮೊನೆ. ಮೊದಲನೆಯ ಜಾಗತಿಕ ಯುದ್ಧದ ಚಿತ್ರಗಳಲ್ಲಿ ಕೈಸರನ ಸೈನಿಕರ ತಲೆಯ ಮೇಲೆ ಕಾಣುವದಲ್ಲ, ಅದೇ.

ಮನೆಯವರ ಕತೆ, ಅಂದರೆ ನನ್ನ ವಹಿಯ ಎಡಪುಟ, ಹೀಗಿತ್ತು. ಇವನ ಮುತ್ಯಾನ ತಂದೆ ದಖ್ಖನ್ ಕುದುರೆ ಪಡೆಯಲ್ಲಿ ಸವಾರನಾಗಿದ್ದನು. ಫ್ರಾನ್ಸ್ ದೇಶದಲ್ಲಿ ಭಾಲೆ ಹಿಡಿದು ಕುದುರೆ ಓಡಿಸುತ್ತ ಹೋಗಿ, ಒಬ್ಬ ಜರ್ಮನ್ ದೊಡ್ಡ ಅಧಿಕಾರಿಯನ್ನು ಸೆರೆಹಿಡಿದು, ಅವನ ತಲೆಯಿಂದ ಇದನ್ನು ಭಾಲೆಯ ತುದಿಯಲ್ಲಿ ಎತ್ತಿಕೊಂಡು ಬಂದನು. ಆ ಅಧಿಕಾರಿ ವಿದ್ಯಾವಂತನೂ ಆಗಿದ್ದನಂತೆ. ಅದು ಹೇಗೆ ಗೊತ್ತೆಂದು ಕೇಳಿದ್ದಕ್ಕೆ ನನ್ನ ಶಿಷ್ಯನು ಟೊಪ್ಪಿಗೆಯನ್ನು ಬೋರಲು ಹಾಕಿ ಹಿಂದಿನ ಅಂಚಿನ ಒಳಮೈಯನ್ನು ತೋರಿಸಿ, “ಇಲ್ಲಿ ಬಿ.ಎ. ಅಂತ ಅಚ್ಚು ಹೊಡದದ ನೋಡ್ರಿ ಮಾಸ್ತರ ಸಾಬ್, ಓದಿದಾಂವ ಇದ್ದ” ಎಂದನು. ಇಂಗ್ಲಿಷ್ ಅಕ್ಷರಗಳಲ್ಲಿ ಬಿ.ಎ. ಎಂದು ಸ್ಪಷ್ಟವಾಗಿಯೇ ಇತ್ತು, ಮುಂದಿನದು ಅಳಿಸಿತ್ತು, ಕೆಳಗೆ ೧೯೧೫.

ಈ ಕತೆಯಲ್ಲಿ ಇತಿಹಾಸಕ್ಕೆ ಒಪ್ಪುವ ಅಂಶ ಬಹಳವಿದೆ. ೨೦ನೆಯ ಡೆಕ್ಕನ್ ಹಾರ್ಸ್ ಎಂಬ ಕುದುರೆ ಪಡೆಯ ಮೂಲವು ೧೮೨೬ರಲ್ಲಿ ಕಟ್ಟಿದ ನಿಜಾಮನ ಕುದುರೆ ದಂಡಿನಲ್ಲಿದೆ. ಅದರಲ್ಲಿ ಸಿಖ್ಖರು, ಜಾಟರು ಮತ್ತು ದಖ್ಖನೀ ಮುಸಲ್ಮಾನರು ಇದ್ದರು. ಅದು ಹೈದರಾಬಾದ ಕಂಟಿಂಜೆಂಟ್ ಎನಿಸಿಕೊಂಡಿದ್ದ ಸೈನ್ಯದ ಸಂತಾನ. ಆ ಕಂಟಿಂಜೆಂಟಿನ ಜನರೇ ೧೮೫೮ರಲ್ಲಿ ಲಿಂಗಸೂಗೂರಿನಿಂದ ಸುರಪುರದ ಮೇಲೆ ಬಂದವರೆಂಬದನ್ನು ಸಗರನಾಡಿನ ವಾಚಕರು ಮರೆತಿರಲಾರರು. ಬಂದವರೂ ಎದುರಿಸಿದವರೂ ಒಂದೇ ಸೀಮೆಯ ಜೋಳದ ರೊಟ್ಟಿ ತಿಂದವರು! ಅದಿರಲಿ. ಡೆಕ್ಕನ್ ಹಾರ್ಸ್ ೧೯೧೪ರ ಅಕ್ಟೋಬರದಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರದಲ್ಲಿ ಇಳಿಯಿತು. ಕಂದಕಗಳ ಯುದ್ಧದಲ್ಲಿ ಕುದುರೆಗೆ ಕೆಲಸವಿಲ್ಲದೆ ಸವಾರರು ಎಷ್ಟೋ ತಿಂಗಳುಗಳನ್ನು ಕಾಲಾಳುಗಳಂತೆ ಕೆಸರಿನಲ್ಲಿ ಕಳೆದರು. ಆದರೆ ೧೯೧೬ನೆಯ ಜುಲೈ ೧೪ರ ಸಂಜೆ ಸೋಮ್ ನದಿಯ ರಣಭೂಮಿಯಲ್ಲಿ, ಹೈವುಡ್ ಎಂದು ಇಂಗ್ಲಿಷರು ಕರೆಯುತ್ತಿದ್ದ ಅಡವಿಯ ಮಗ್ಗುಲಲ್ಲಿ, ಬೆಳೆದು ನಿಂತ ಪೈರಿನ ನಡುವೆ ಈ ಪಡೆಯೂ ಇಂಗ್ಲಿಷರ ಇನ್ನೊಂದು ಪಡೆಯೂ ಭಾಲೆ ಹಿಡಿದು ನುಗ್ಗಿದ್ದು ನಿಜ. ಜರ್ಮನರಲ್ಲಿ ಕೆಲವರು ಭಾಲೆಗಳಿಗೆ ಬಿದ್ದರು, ಕೆಲವರು ಸೆರೆಯಾದರು. ಯಂತ್ರದ ಬಂದೂಕಿನ ಯುಗದಲ್ಲಿ ಭಾಲೆಯ ಕಾಳಗವು ಸೋಮ್ ಪ್ರದೇಶದಲ್ಲಿ ಬಲು ವಿರಳ. ಆದಕಾರಣ “ಭಾಲೆ ಹಿಡಿದು ಕುದುರೆ ಓಡಿಸಿದರು” ಎಂಬ ಮಾತನ್ನು ಮನೆಯವರು ಪುಸ್ತಕದಿಂದ ಕಲಿತಿರಲಾರರು.

ಈಗ ಬಲಪುಟ. ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುವೆನು. ನಿಜಾಮರ ಆಳಿಕೆಯ ನಮ್ಮ ಪ್ರಾಂತದಿಂದ ಯುದ್ಧಕ್ಕೆ ಹೋದವರ ಮನೆಗಳಲ್ಲಿ ಇಂಥ ವಸ್ತುಗಳು ಇನ್ನೂ ಇರಬಹುದು. ಗುರುತು ತಿಳಿದಿದ್ದರೆ ಮೋಸ ಹೋಗುವದು ತಪ್ಪೀತು.

ಇದರ ಜರ್ಮನ್ ಹೆಸರು ಪಿಕೆಲ್‌ಹೌಬೆ. ನಮ್ಮ ಮಾತಿನಲ್ಲಿ ಮೊನೆಯ ಕುಲಾವಿ ಎನ್ನಬಹುದು. ಪ್ರಷ್ಯದ ದೊರೆ ನಾಲ್ಕನೆಯ ಫ್ರೆಡರಿಕ್ ವಿಲಿಯಮನು ೧೮೪೨ರಲ್ಲಿ ಇದನ್ನು ತನ್ನ ಸೈನ್ಯಕ್ಕೆ ತೊಡಿಸಿದನು. ಎರಡು ವರ್ಷಗಳಲ್ಲಿ ರಶಿಯಾ ದೇಶವೂ ಇಂಥದನ್ನೇ ತೊಟ್ಟಿತು. ಯಾರು ಯಾರನ್ನು ನೋಡಿ ಮಾಡಿದರೆಂಬ ಜಗಳ ಇಂದಿಗೂ ತೀರಿಲ್ಲ. ೧೮೭೦ರ ಯುದ್ಧದಲ್ಲಿ ಜರ್ಮನರು ಫ್ರೆಂಚರನ್ನು ಸೋಲಿಸಿದ ಮೇಲಂತೂ ಗೆದ್ದವನ ಟೊಪ್ಪಿಗೆ ಎಲ್ಲರಿಗೂ ಚಂದ ಕಾಣತೊಡಗಿ, ೧೮೭೮ರಲ್ಲಿ ಇಂಗ್ಲಿಷರೂ ಬಟ್ಟೆ ಹೊದಿಸಿದ ಮೊನೆಟೊಪ್ಪಿಗೆಯನ್ನು ತಮ್ಮ ಕಾಲಾಳುಗಳಿಗೆ ಕೊಟ್ಟರು. ಹಿಂದೂಸ್ಥಾನದ ಬಿಸಿಲಿಗಾಗಿ ಬೆಂಡಿನಿಂದ ಮಾಡಿದ ಬಿಳಿಯ ಟೊಪ್ಪಿಗೆಗಳಿಗೂ ಪೆರೇಡಿನ ದಿವಸ ಹಿತ್ತಾಳೆಯ ಮೊನೆಯನ್ನು ತಿರುಪಿ ಕೂಡಿಸುತ್ತಿದ್ದರು. ಇದನ್ನು ಹೇಳುವದೇಕೆಂದರೆ, ಅಟ್ಟದ ಮೇಲೆ ಮೊನೆಯುಳ್ಳ ಟೊಪ್ಪಿಗೆ ಸಿಕ್ಕಿದ ಮಾತ್ರಕ್ಕೆ ಅದು ಜರ್ಮನರದೆಂದು ತಿಳಿಯಬಾರದು. ಒಳಗೆ ಬೆಂಡು, ಹೊರಗೆ ಬಟ್ಟೆ ಇದ್ದರೆ ಅದು ಇಂಗ್ಲಿಷರದು. ಕಬ್ಬಿಣದ ಬಟ್ಟಲಾಗಿ ಮೂಗಿನ ಪಟ್ಟಿಯಿದ್ದರೆ ನಮ್ಮದು. ಕುದಿಸಿ ಅಚ್ಚಿಗೆ ಹಾಕಿ ಗಟ್ಟಿಮಾಡಿದ ಚರ್ಮವಾಗಿದ್ದರೆ ಜರ್ಮನರದಿರಬಹುದೆಂದು ಮುಂದೆ ನೋಡತಕ್ಕದ್ದು.

ಮುಂದೆ ನೋಡಬೇಕಾದದ್ದು ಹಣೆಯ ಬಿಲ್ಲೆ. ಜರ್ಮನಿಯು ಆಗ ಅನೇಕ ಸಂಸ್ಥಾನಗಳ ಕೂಟವಾಗಿದ್ದು ಪ್ರತಿಯೊಂದಕ್ಕೂ ತನ್ನ ಲಾಂಛನವಿತ್ತು. ಪ್ರಷ್ಯಕ್ಕೆ ಹದ್ದು, ಬವೇರಿಯಕ್ಕೆ ಎರಡು ಸಿಂಹಗಳು ಹಿಡಿದ ಢಾಲು, ವ್ಯೂರ್ಟೆಂಬರ್ಗಿಗೆ ಒಂದು ಸಿಂಹ ಒಂದು ಜಿಂಕೆ, ಸ್ಯಾಕ್ಸನಿಗೆ ನಕ್ಷತ್ರದ ಮೇಲೆ ಢಾಲು. ಇಲ್ಲಿ ಇದ್ದದ್ದು ಪ್ರಷ್ಯದ ಹದ್ದು. ಅದರ ಮೈಮೇಲಿನ ಪಟ್ಟಿಯಲ್ಲಿ ದೇವರ ಕೂಡ ದೊರೆಗೂ ದೇಶಕ್ಕೂ ಎಂಬರ್ಥದ ಜರ್ಮನ್ ಮಾತು. ಹದ್ದಿನ ತಲೆಯ ಮೇಲಿನ ಕಿರೀಟವನ್ನು ಬೆಳಕಿಗೆ ಹಿಡಿದು ನೋಡಬೇಕು. ಅಧಿಕಾರಿಯದಾದರೆ ಕಿರೀಟದ ಸಂದುಗಳನ್ನು ಕೊರೆದು ಬೆಳಕು ಹಾಯುವಂತೆ ಮಾಡಿರುವರು, ಸಿಪಾಯಿಯದು ಇಡಿಯಾಗಿರುವದು. ಇದು ಇಡಿಯಾಗಿತ್ತು. ಮೊನೆಯ ತಳದ ಬಿಲ್ಲೆಯನ್ನು ಚರ್ಮಕ್ಕೆ ಹಿಡಿದಿಟ್ಟ ಮೊಳೆಗಳ ತಲೆಗಳು ಅಧಿಕಾರಿಗೆ ನಕ್ಷತ್ರದಂತೆ, ಸಿಪಾಯಿಗೆ ಗುಂಡಗೆ. ಇವು ಗುಂಡಗಿದ್ದವು. ಒಳಗೆ ಅಧಿಕಾರಿಗೆ ರೇಷ್ಮೆಯ ಅಸ್ತರು, ಸಿಪಾಯಿಗೆ ದಾರದಿಂದ ಬಿಗಿಯುವ ಚರ್ಮದ ನಾಲಿಗೆಗಳು. ಇಲ್ಲಿದ್ದವು ನಾಲಿಗೆಗಳು, ಅವುಗಳಲ್ಲಿ ಎರಡನ್ನು ಇಲಿ ತಿಂದಿತ್ತು. ಗೋಲಂದಾಜರ ಟೊಪ್ಪಿಗೆಗೆ ಮೊನೆಯ ಬದಲು ಗುಂಡು ಇರುವದು ವಾಡಿಕೆ. ಇಲ್ಲಿ ಮೊನೆಯೇ ಇದ್ದುದರಿಂದ ಕಾಲಾಳು.

ಬೂದುಬಣ್ಣವೂ ಒಂದು ಸಾಕ್ಷಿ. ಯುದ್ಧಕ್ಕಿಂತ ಮೊದಲು ಸಿಪಾಯಿಗಳ ಬಿಲ್ಲೆ ಮೊನೆಗಳು ಬಹುತರವಾಗಿ ಹಿತ್ತಾಳೆಯವು. ಹಿತ್ತಾಳೆ ಹೊಳೆಯುವದು, ಮೇಲಾಗಿ ತೋಪಿನ ಮದ್ದಿನ ಕೋವಿಗೆ ಬೇಕಾಗುವದು. ಆದಕಾರಣ ೧೯೧೫ರ ಮಾದರಿಯಲ್ಲಿ ಬೂದುಬಣ್ಣ ಬರಿಸಿದ ಕಬ್ಬಿಣವನ್ನು ಹಾಕಿದರು. ಮೊನೆಯನ್ನು ಅರ್ಧ ಸುತ್ತು ತಿರುಪಿದರೆ ಕಳಚಿ ಬರುವಂತೆ ಮಾಡಿದರು. ಕಂದಕದ ಅಂಚಿನ ಮೇಲೆ ಮೊನೆ ಕಂಡರೆ ಕೆಳಗೆ ತಲೆಯಿದೆಯೆಂದು ವೈರಿಗೆ ಸಾರಿ ಹೇಳಿದಂತಾಗುತ್ತಿತ್ತಷ್ಟೆ. ನನ್ನ ಶಿಷ್ಯನ ಮನೆಯ ಮೊನೆಯನ್ನು ತಿರುಪಿದೆವು. ಎಷ್ಟು ವರ್ಷಗಳ ಮೇಲೋ, ಕಿರುಗುಟ್ಟುತ್ತ ಕಳಚಿತು. ಮನೆಯವರಿಗೆ ಅದು ಕಳಚುವದೆಂಬದೇ ಗೊತ್ತಿರಲಿಲ್ಲ.

ಶಿರಸ್ತ್ರ, ಶೀರ್ಷಣ್ಯ ಎಂಬ ಪದಗಳನ್ನು ಬಾಲ್ಯದಲ್ಲಿ ಅಮರಕೋಶದಿಂದ ಬಾಯಿಪಾಠ ಮಾಡಿದ ನನಗೆ, ಇದನ್ನು ಕೈಯಲ್ಲಿ ಹಿಡಿದಾಗ ಒಂದು ವ್ಯಾಕರಣದ ಸಂದೇಹ ಬಂತು. ಶಿರವನ್ನು ತ್ರಾಣ ಮಾಡುವದೇ ಶಿರಸ್ತ್ರ. ತೋಪಿನ ಗುಂಡು ಒಡೆದು ಹಾರುವ ಚೂರಿಗೆ ಈ ಚರ್ಮ ಏನು ತಡೆದೀತು? ವ್ಯುತ್ಪತ್ತಿಯ ಪ್ರಕಾರ ಇದು ಶಿರಸ್ತ್ರವೇ ಅಲ್ಲ, ಶಿರೋಭೂಷಣ. ಜರ್ಮನರಿಗೂ ಈ ವ್ಯಾಕರಣ ರಕ್ತ ಸುರಿದ ಮೇಲೆ ತಿಳಿಯಿತು. ೧೯೧೬ರಲ್ಲಿ ಉಕ್ಕಿನ ಟೊಪ್ಪಿಗೆಯನ್ನು ಕೊಡತೊಡಗಿದರು, ಅದಕ್ಕೆ ಮೊನೆಯಿಲ್ಲ. ಚರ್ಮದ ಅಭಾವದಿಂದ ಅದಕ್ಕೂ ಮೊದಲೇ ಒತ್ತಿದ ಉಣ್ಣೆಯಲ್ಲಿಯೂ ತಗಡಿನಲ್ಲಿಯೂ ಮೊನೆಟೊಪ್ಪಿಗೆಗಳನ್ನು ಮಾಡಿ ಹೊತ್ತು ಕಳೆದಿದ್ದರು.

ಇನ್ನು ಬಿ.ಎ. ಇದನ್ನು ಬಿಡಿಸಲು ನನಗೆ ಹೈದರಾಬಾದಿನಲ್ಲಿರುವ ಇನ್ನೊಬ್ಬ ಶಿಷ್ಯನು ತರಿಸಿಕೊಟ್ಟ ಪುಸ್ತಕಗಳು ಬೇಕಾದವು. ಜರ್ಮನ್ ಭಾಷೆಯಲ್ಲಿ ಸೈನ್ಯದ ಉಡುಪಿನ ಉಗ್ರಾಣಕ್ಕೆ ಬೆಕ್ಲೈಡುಂಗ್ಸ್‌ಆಮ್ಟ್ ಎನ್ನುವರು. ಅದರ ಹ್ರಸ್ವರೂಪವೇ ಬಿ.ಎ. ಮುಂದೆ ಯಾವ ದಂಡಿನ ಉಗ್ರಾಣವೆಂಬ ಅಂಕಿ, ಅದರ ಕೆಳಗೆ ವರ್ಷ. ನಮ್ಮ ಕಡೆಯ ಪೊಲೀಸ್ ಉಗ್ರಾಣದಲ್ಲಿ ಕಂಬಳಿಯ ಮೇಲೆ ಅಚ್ಚು ಹೊಡೆಯುವರಲ್ಲ, ಹಾಗೆ. ಅಧಿಕಾರಿಗಳು ತಮ್ಮ ಟೊಪ್ಪಿಗೆಗಳನ್ನು ಸ್ವಂತ ಹಣದಿಂದ ಅಂಗಡಿಯಲ್ಲಿ ಕೊಳ್ಳುತ್ತಿದ್ದುದರಿಂದ ಅವುಗಳಲ್ಲಿ ಈ ಉಗ್ರಾಣದ ಅಚ್ಚು ಇರುವದಿಲ್ಲ. ಅಂದಮೇಲೆ ಯಾವ ಎರಡು ಅಕ್ಷರಗಳಿಂದ ಮನೆಯವರು ಅವನನ್ನು ವಿದ್ಯಾವಂತ ಅಧಿಕಾರಿಯನ್ನಾಗಿ ಮಾಡಿದ್ದರೋ, ಅವೇ ಎರಡು ಅಕ್ಷರಗಳು ಅವನು ಸಾಮಾನ್ಯ ಸಿಪಾಯಿಯೆಂದು ಹೇಳುತ್ತಿದ್ದವು.

ನಾನು ಇದನ್ನು ಹೇಳಿದಾಗ ಶಿಷ್ಯನ ಮುಖ ಇಳಿಯಿತು. ಮನೆತನದ ಹೆಮ್ಮೆ ಒಂದು. ಅದಕ್ಕಿಂತ ಹತ್ತಿರದ ಕಾರಣ ಇನ್ನೊಂದಿತ್ತು. ಅವನ ಮಗಳಿಗೆ ದಾದಿಯರ ಶಿಕ್ಷಣದ ಕಾಲೇಜಿನಲ್ಲಿ ಸ್ಥಳ ಸಿಕ್ಕಿತ್ತು. ದೊಡ್ಡ ಶಹರದ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬನು ಟೊಪ್ಪಿಗೆಯ ಚಿತ್ರವನ್ನು ನೋಡಿ, ಇದು ಅಧಿಕಾರಿಯದು, ರಣಭೂಮಿಯಲ್ಲಿ ಗೆದ್ದದ್ದು ಎಂದು ಊರಿನ ಬಲ್ಲವರೊಬ್ಬರು ಬರೆದುಕೊಟ್ಟರೆ ಒಂದೂವರೆ ಲಕ್ಷ ರೂಪಾಯಿ ಕೊಡುವೆನೆಂದಿದ್ದನು. ಬರೆದುಕೊಡದಿದ್ದರೆ ನಾಲ್ವತ್ತು ಸಾವಿರ. ಆ ಬಲ್ಲವರು ನಾನಾಗಬೇಕಾಗಿತ್ತು.

ಆ ವ್ಯಾಪಾರಿಯೂ ಒಂದು ದಿವಸ ಬಂದನು. ಮಾತಿನಲ್ಲಿ ಬಲು ವಿನಯ. ತನ್ನಲ್ಲಿಯೂ ಒಂದು ಇದೆಯೆಂದು ಥಳಥಳಿಸುವ ಮೊನೆಟೊಪ್ಪಿಗೆಯೊಂದನ್ನು ಚೀಲದಿಂದ ತೆಗೆದಿಟ್ಟನು. ಎರಡನ್ನೂ ಮಗ್ಗುಲಲ್ಲಿ ಇಟ್ಟು ನೋಡುವ ಸುಯೋಗ ಹೀಗೆ ಒದಗಿತು. ವಾಚಕರಿಗೆ ತಿಳಿದಿರಲಿ, ಈ ಮೊನೆಟೊಪ್ಪಿಗೆಗಳ ನಕಲುಗಳು ಇಂದು ನಮ್ಮ ದೇಶದಲ್ಲಿಯೇ, ಉತ್ತರ ಹಿಂದೂಸ್ಥಾನದ ಕಾರಖಾನೆಗಳಲ್ಲಿ ಹೇರಳವಾಗಿ ತಯಾರಾಗುವವು. ಪರದೇಶಗಳಲ್ಲಿ ಹಳೆಯ ಯುದ್ಧಗಳನ್ನು ವೇಷ ಹಾಕಿ ಆಡಿ ತೋರಿಸುವ ಸಂಘಗಳಿವೆ, ನಾಟಕ ಸಿನಿಮಾಗಳಿವೆ, ಅವರಿಗಾಗಿ. ನಕಲನ್ನು ನಕಲೆಂದು ಮಾರುವದು ಪ್ರಾಮಾಣಿಕವಾದ ಕಸುಬು. ಅದಕ್ಕೆ ಮಣ್ಣು ಹಚ್ಚಿ ಹೊಗೆ ಹಿಡಿಸಿ ಮುತ್ತಜ್ಜನದೆನ್ನುವದು ಬೇರೆ. ವ್ಯಾಪಾರಿಯದು ಎತ್ತಿದರೆ ಭಾರವಾಗಿತ್ತು. ಅದರ ಚರ್ಮ ಚಪ್ಪಲಿಯ ಚರ್ಮದಂತೆ ದಪ್ಪ, ಮೆತ್ತಗೆ. ಹಳೆಯದು ತೆಳ್ಳಗೆ, ಬೆರಳಿನಿಂದ ತಟ್ಟಿದರೆ ಒಣಗಿದ ಸೋರೆಬುರುಡೆಯ ಸದ್ದು. ವ್ಯಾಪಾರಿಯ ಹದ್ದಿನ ಗರಿಗಳು ಮೇಣ ಕರಗಿದಂತೆ ಮೊಂಡಾಗಿದ್ದವು. ಹಳೆಯ ಹದ್ದಿನ ಒಂದೊಂದು ಗರಿಯ ಅಂಚೂ ಉಗುರಿಗೆ ತಾಕುತ್ತಿತ್ತು. ಹಳೆಯ ಸಿಪಾಯಿ ಟೊಪ್ಪಿಗೆಯಲ್ಲಿ ಹದ್ದಿನ ಬೆನ್ನಿಗೆ ಎರಡು ಕೊಂಡಿಗಳಿದ್ದು, ಅವು ಚರ್ಮದ ತೂತಿನಿಂದ ಒಳಕ್ಕೆ ಹಾಯ್ದು, ಒಳಗಡೆ ಚರ್ಮದ ಸಣ್ಣ ಬೆಣೆಗಳಿಂದ ನಿಂತಿರುವವು. ಹೊಸದರಲ್ಲಿ ತಿರುಪಿನ ಮೊಳೆ. ಹೊಲಿಗೆಯೂ ಹಾಗೆಯೇ, ಹಳೆಯದರ ದಾರ ಬೆವರು ಕುಡಿದು ಕಪ್ಪಾಗಿ ಚರ್ಮದೊಳಗೆ ಹುದುಗಿತ್ತು. ನೂರು ವರ್ಷದ ಬೆವರನ್ನು ಹೊಗೆಯಿಂದ ತರಲಾಗುವದಿಲ್ಲ.

ಪತ್ರವನ್ನು ನಾನು ಬರೆದುಕೊಟ್ಟೆನು. ಪ್ರಷ್ಯದ ಕಾಲಾಳು ಸಿಪಾಯಿಯ ಟೊಪ್ಪಿಗೆ, ೧೯೧೫ರದು, ಅಸಲು. ಶಹಾಪುರದ ಈ ಮನೆಯಲ್ಲಿ ನಾಲ್ಕು ತಲೆಮಾರುಗಳಿಂದ ಇರುವದೆಂದು ಮನೆಯವರ ಹೇಳಿಕೆ. ಇಷ್ಟೇ. ವ್ಯಾಪಾರಿಯು ಅದನ್ನು ಓದಿ, “ಗುರುಗಳೇ, ಒಂದು ಶಬ್ದ ಬದಲು ಮಾಡಿದರೆ ಒಂದು ಹುಡುಗಿಯ ಜನ್ಮ ಉದ್ಧಾರವಾದೀತು” ಎಂದನು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲವೆಂಬದನ್ನು ಮುಚ್ಚಿಡಲಾರೆ. ಹುಡುಗಿಯನ್ನು ನಾನು ಬಲ್ಲೆ; ಸುಭಾಷಿತಗಳನ್ನು ನನ್ನ ಬಾಯಿಂದ ಕೇಳಿ ಕಲಿತವಳು. ಆದರೆ ಶಬ್ದ ಬದಲಾಗಲಿಲ್ಲ. ಮೇಲಾಗಿ ಅವನು ಅದನ್ನು ಪರದೇಶಕ್ಕೆ ಕಳಿಸುವ ಯೋಚನೆಯಲ್ಲಿದ್ದನು. ೧೯೭೨ರ ಪ್ರಾಚ್ಯವಸ್ತುಗಳ ಕಾಯದೆಯ ಪ್ರಕಾರ ನೂರು ವರ್ಷ ತುಂಬಿದ ಕಲಾಕುಶಲದ ವಸ್ತುಗಳನ್ನು ಖಾಸಗೀ ಜನರು ದೇಶದ ಹೊರಗೆ ಸಾಗಿಸುವದು ನಿಷಿದ್ಧ. ೧೯೧೫ರ ಟೊಪ್ಪಿಗೆಗೆ ನೂರು ತುಂಬಿ ಹೋಗಿದೆ. ಇದನ್ನು ಹೇಳಿದ ಮೇಲೆ ಅವನ ನಾಲ್ವತ್ತು ಸಾವಿರದ ಮಾತೂ ತಣ್ಣಗಾಯಿತು.

ಅಧಿಕಾರಿಯನ್ನು ಸೆರೆಹಿಡಿದ ಕತೆ ಬಿದ್ದಮೇಲೆ ಮನೆಯವರಿಗೆ ಉಳಿದದ್ದೇನು? ಮುತ್ಯಾನ ತಂದೆ ಸೋಮ್ ಕಾಳಗದಲ್ಲಿ ಇದ್ದನೋ ಇಲ್ಲವೋ ಎಂಬದೇ ಈಗ ಸಂಶಯಕ್ಕೆ ಬಂತು. ಟೊಪ್ಪಿಗೆ ಅದಕ್ಕೆ ಸಾಕ್ಷಿಯಾಗಲಾರದು. ಯುದ್ಧದ ಹಿಂದಿನ ಸಾಲುಗಳಲ್ಲಿ ಇಂಥವು ಕೊಂಡು ಮಾರುವ ಸರಕಾಗಿದ್ದವು. ಯುದ್ಧ ಮುಗಿದ ಮೇಲೆ ೧೯೧೯ರಲ್ಲಿ ಅಮೇರಿಕದ ನ್ಯೂಯಾರ್ಕ್ ಶಹರದಲ್ಲಿ ಯುದ್ಧಸಾಲದ ಪ್ರಚಾರಕ್ಕಾಗಿ ಸಾವಿರಾರು ಮೊನೆಟೊಪ್ಪಿಗೆಗಳನ್ನು ಗೋಪುರದಂತೆ ಒಟ್ಟಿ ನಿಲ್ಲಿಸಿದ್ದರು. ಅವುಗಳಲ್ಲಿ ಯಾವದನ್ನು ಯಾರು ಯಾರ ತಲೆಯಿಂದ ತೆಗೆದರು?

ಸರಕಾರದಿಂದ ಬಂದದ್ದು ಮತ್ತೇನಾದರೂ ಇದೆಯೇ ಎಂದು ಕೇಳಿದೆನು. ಶಿಷ್ಯನ ತಾಯಿ, ಅರುವತ್ತೆಂಟರ ಸುಮಾರಿನ ಬಾಯಿ, ಒಳಗೆ ಹೋಗಿ ಗುಂಡಿ ಸೂಜಿಗಳನ್ನು ಹಾಕಿಟ್ಟ ಬಿಸ್ಕೀಟಿನ ಡಬ್ಬಿಯನ್ನು ತಂದು ಚಾಪೆಯ ಮೇಲೆ ಸುರಿದರು. ಗುಂಡಿಗಳ ನಡುವೆ ಕಪ್ಪು ಹಿಡಿದ ಬೆಳ್ಳಿಯ ಬಿಲ್ಲೆಯೊಂದು ಉರುಳಿತು. ಮೊಮ್ಮಗಳ ಕಾಲುಗೆಜ್ಜೆಗೆ ಕರಗಿಸಬೇಕೆಂದು ಎರಡು ಸಲ ಪತ್ತಾರನಲ್ಲಿಗೆ ಒಯ್ದಿದ್ದರಂತೆ. ಪತ್ತಾರನು ಊರಿನಲ್ಲಿ ಇರದ್ದರಿಂದ ಉಳಿಯಿತು. ಒಂದು ಮೈಯಲ್ಲಿ ಐದನೆಯ ಜಾರ್ಜ್ ದೊರೆ. ಇನ್ನೊಂದರಲ್ಲಿ ಕುದುರೆಯ ಮೇಲೆ ಕುಳಿತ ಬೆತ್ತಲೆ ಪುರುಷ, ೧೯೧೪, ೧೯೧೮. ಇದು ಆ ಯುದ್ಧದ ಇಂಗ್ಲಿಷರ ಪದಕ. ಈ ಪದಕಗಳ ವಿಶೇಷವೆಂದರೆ, ಅಂಚಿನ ಮೇಲೆ ಪಡೆದವನ ಅಂಕಿ, ದರ್ಜೆ, ಹೆಸರು, ಪಡೆ ಇವುಗಳನ್ನು ಅಚ್ಚು ಹೊಡೆದಿರುವರು. ಭೂತಗನ್ನಡಿಯನ್ನು ಹಿಡಿದು ಅಂಚನ್ನು ನಿಧಾನವಾಗಿ ತಿರುಗಿಸುತ್ತ ನಾನು ಒಂದೊಂದೇ ಅಕ್ಷರವನ್ನು ಓದಿದೆನು, ಹುಡುಗಿ ಬರೆದುಕೊಂಡಳು. ಸವಾರ ಎಂದಿತ್ತು. ಮನೆಯ ಹಿರಿಯನ ಹೆಸರಿತ್ತು. ಕೊನೆಗೆ ೨೦ ಡೆಕ್ಕನ್ ಹಾರ್ಸ್.

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇನ್ನೊಬ್ಬನ ಟೊಪ್ಪಿಗೆಗೆ ನೂರು ವರ್ಷ ಟ್ರಂಕಿನಲ್ಲಿ ಮಖಮಲ್ಲಿನ ಹಾಸಿಗೆ. ಮನೆಯವನ ಹೆಸರು ಗುಂಡಿಗಳ ಡಬ್ಬಿಯಲ್ಲಿ! ಆ ತಾಯಿ ಬಿಲ್ಲೆಯನ್ನು ಸೆರಗಿನಿಂದ ಒರೆಸಿ ಮಗನ ಕೈಯಲ್ಲಿ ಇಟ್ಟರು.

ಟೊಪ್ಪಿಗೆಯ ಒಳಗೂ ಒಂದು ಹೆಸರು ಇತ್ತು. ಅದನ್ನು ಕಂಡವಳು ಹುಡುಗಿ. ಚರ್ಮದ ನಾಲಿಗೆಯೊಂದನ್ನು ಮಡಿಸಿದಾಗ ಅಡಿಯಲ್ಲಿ ಮಾಸಿದ ಮಸಿಯ ಗೀಟುಗಳು. ಜರ್ಮನರು ಆಗ ಕ್ಯೂರೆಂಟ್ ಎಂಬ ಕೂಡುಬರಹವನ್ನು ಬರೆಯುತ್ತಿದ್ದರು. ಇಂಗ್ಲಿಷ್ ಬಲ್ಲವನಿಗೂ ಅದು ಓದಲು ಬಾರದು. ನಮ್ಮ ಹಳೆಯ ದಫ್ತರಗಳ ಮೋಡಿ ಲಿಪಿಯನ್ನು ಓದಿ ಅಭ್ಯಾಸವಿದ್ದುದರಿಂದ ನನಗೆ ಧೈರ್ಯ ಬಂತು. ಅಕ್ಷರಮಾಲೆಯನ್ನು ಮುಂದಿಟ್ಟುಕೊಂಡು ನಾನೂ ಹುಡುಗಿಯೂ ನಾಲ್ಕು ಸಂಜೆ ಕೂತೆವು. ಒಂದು ಹೆಸರು, ಒಂದು ಅಡ್ಡಹೆಸರು ಹೊರಟವು. ಅವುಗಳನ್ನು ಇಲ್ಲಿ ಕಾಣಿಸುವದಿಲ್ಲ.

ಶಿಷ್ಯನ ತಾಯಿ ಅದನ್ನು ಕೇಳಿ ಎರಡು ಸಲ ಆ ಹೆಸರನ್ನು ಹೇಳಿಸಿಕೊಂಡರು. ಆಮೇಲೆ, “ಹೆಸರು ಬರಕೊಂಡಾನಂದ್ರ ತಿರುಗಿ ಸಿಗಲಿ ಅಂತಲೇ ಬರಕೊಂಡಿರಬೇಕಲ್ರೀ ಮಾಸ್ತರ ಸಾಬ್. ನಾವು ಭಾಂಡೆ ಮ್ಯಾಲ ಹೆಸರು ಹಾಕಸಂಗಿಲ್ಲೇನು?” ಎಂದರು. ಪುಸ್ತಕಗಳಲ್ಲಿ ಈ ಹೆಸರುಗಳನ್ನು ಸಂಗ್ರಾಹಕರು ಬೆಲೆ ಹೆಚ್ಚಿಸುವ ಗುರುತೆಂದು ಎಣಿಸುವರು. ಮದುವೆಯಲ್ಲಿ ಅಡುಗೆಗೆ ಕೊಟ್ಟ ಕೊಳಗ ಬದಲಾಗಬಾರದೆಂದು ಹೆಸರು ಕೊರೆಸುವ ಗೃಹಿಣಿಗೆ ತೋಚಿದ ಅರ್ಥ ನನಗೆ ತೋಚಿರಲಿಲ್ಲ.

ತಿರುಗಿ ಕೊಡುವದಾದರೆ ಯಾರಿಗೆ? ಪ್ರಷ್ಯದ ಸೈನ್ಯದ ದಫ್ತರಗಳೆಲ್ಲ ಪೋಟ್ಸ್‌ಡಾಮ್ ಪಟ್ಟಣದಲ್ಲಿದ್ದು ಎರಡನೆಯ ಯುದ್ಧದ ಕೊನೆಗೆ, ೧೯೪೫ರ ಏಪ್ರಿಲಿನಲ್ಲಿ ಬಾಂಬಿಗೆ ಸಿಕ್ಕಿ ಬಹುಭಾಗ ಸುಟ್ಟುಹೋದವು. ಬವೇರಿಯದವನೋ ವ್ಯೂರ್ಟೆಂಬರ್ಗಿನವನೋ ಆಗಿದ್ದರೆ ಮ್ಯೂನಿಕ್ಕಿನಲ್ಲಿಯೋ ಸ್ಟುಟ್‌ಗಾರ್ಟಿನಲ್ಲಿಯೋ ಹುಡುಕಬಹುದಿತ್ತು. ಸತ್ತವರು, ಗಾಯಗೊಂಡವರು, ಕಾಣೆಯಾದವರು, ಸೆರೆಯಾದವರು ಇವರ ಪಟ್ಟಿಗಳನ್ನು ಯುದ್ಧಕಾಲದಲ್ಲಿಯೇ ಮುದ್ರಿಸಿ ಪ್ರಕಟಿಸುತ್ತಿದ್ದರು. ಅವು ಉಳಿದಿವೆ, ಈಗ ಮನೆಯಲ್ಲಿ ಕುಳಿತು ಹುಡುಕಲು ಬರುವದು. ಹುಡುಗಿ ಹುಡುಕಿದಳು. ಆ ಹೆಸರಿನವರು ಹತ್ತಾರು ಮಂದಿ. ನಮ್ಮಲ್ಲಿ ಯಾದಗಿರಿ ಜಿಲ್ಲೆಯ ಬಸಪ್ಪನೆಂದು ಬರೆದ ಹಾಗೆ. ಕೆಲವರು ಸತ್ತವರು, ಕೆಲವರು ಗಾಯಗೊಂಡವರು, ಕೆಲವರು ಸೆರೆಯಾದವರು. ಎಲ್ಲ ಸಾಲುಗಳನ್ನೂ ಅವಳು ಒಂದು ಹಾಳೆಯ ಮೇಲೆ ಊರಿನ ಹೆಸರು ಸಹಿತ ಬರೆದಿಟ್ಟಿರುವಳು. ಅಜ್ಜಿ ಆ ಹಾಳೆಯನ್ನು ಎಸೆಯಗೊಟ್ಟಿಲ್ಲ.

ಮಾರುವ ಮಾತು ಅಲ್ಲಿಗೆ ನಿಂತಿತು. ಶುಲ್ಕಕ್ಕೆ ಶಿಷ್ಯನು ಅಂಗಡಿಯ ಮೇಲೆ ಸಾಲ ತೆಗೆದನು. ಅದು ತೀರಲು ಮೂರು ವರ್ಷ ಬೇಕು. ನನ್ನ ಪತ್ರವು ಅವನಿಗೆ ಎಷ್ಟು ದುಬಾರಿಯಾಯಿತೆಂಬದನ್ನು ನಾನು ಬಲ್ಲೆ, ಅವನು ಆಡಿ ತೋರಿಸಿಲ್ಲ.

ಕಾಪಾಡುವದನ್ನು ಕುರಿತು ಎರಡು ಮಾತು ಹೇಳತಕ್ಕದ್ದಿದೆ. ಮನೆಯವರು ಪ್ರತಿವರ್ಷ ಹಬ್ಬದ ಮುಂಚೆ ಟೊಪ್ಪಿಗೆಗೆ ಶೇಂಗಾ ಎಣ್ಣೆಯನ್ನು ಸವರುತ್ತಿದ್ದರು. ಎಣ್ಣೆ ಕುಡಿದ ಚರ್ಮ ಮೆತ್ತಗಾಗಿ ಆಕಾರ ಬಿಡುವದು, ಹೊಲಿಗೆ ಕೊಳೆಯುವದು, ಇಲಿಗೆ ಆಮಂತ್ರಣ ಕೊಟ್ಟಂತಾಗುವದು. ಅದನ್ನು ನಿಲ್ಲಿಸಿದೆವು. ಬೂದುಬಣ್ಣವನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳಪು ತರುವ ಆಸೆಯನ್ನೂ ಬಿಡಿಸಿದೆನು. ಆ ಬಣ್ಣವೇ ೧೯೧೫ರ ಗುರುತು. ಮೆತ್ತಗಿನ ಒಣ ಬಟ್ಟೆಯಿಂದ ಧೂಳನ್ನು ಒರೆಸಿ, ಒಳಗೆ ತೊಳೆದು ಒಣಗಿಸಿದ ಹಳೆಯ ಧೋತರದ ಉಂಡೆಯನ್ನಿಟ್ಟು, ನೂಲಿನ ಚೀಲದಲ್ಲಿ ಹಾಕಿ, ಬಿಸಿ ತಗಡಿನ ಟ್ರಂಕಿನಿಂದ ಮರದ ಕಪಾಟಿಗೆ ಸಾಗಿಸಿದ್ದಾಯಿತು. ಕಳಚಿದ ಮೊನೆಯನ್ನು ಪುನಃ ಕೂಡಿಸದೆ ಬೇರೆ ಕಾಗದದಲ್ಲಿ ಸುತ್ತಿಟ್ಟಿರುವರು. ಚೀಲದಲ್ಲಿ ನನ್ನ ವಹಿಯ ಎರಡೂ ಪುಟಗಳ ಪ್ರತಿ, ಹುಡುಗಿಯ ಹಾಳೆ. ಪದಕವು ಮಾತ್ರ ಕಪಾಟಿನಲ್ಲಿಲ್ಲ. ಅಜ್ಜಿ ಅದನ್ನು ತನ್ನ ತಲೆದಿಂಬಿನ ಹತ್ತಿರದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವರು. ಕಪ್ಪು ತೆಗೆಯಬೇಡಿರೆಂದು ಹೇಳಿ ಬಂದಿರುವೆನು. ತಿಕ್ಕಿದರೆ ಅಂಚಿನ ಅಕ್ಷರ ಸವೆಯುವದು.